ಪ್ರಯೋಗಾಲಯಕ್ಕೆ ಬೀಗ ಇರಬಹುದು, ಅಡುಗೆಮನೆಗೆ ಇಲ್ಲ!

ನಾವು ಹೈಸ್ಕೂಲು ಓದುವಾಗ ವಿಜ್ಞಾನದ ಕೋಣೆಯಲ್ಲಿ ಒಂದು ಗಾಜಿನ ಕಪಾಟು ಇತ್ತು. ಅದರೊಳಗೆ ಗಾಜಿನ ನಳಿಗೆ, ಸ್ಪಿರಿಟ್ ದೀಪ, ಸಣ್ಣ ತಕ್ಕಡಿ ಎಲ್ಲ ಸಾಲಾಗಿ ಕೂತಿದ್ದವು. ಕಪಾಟಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಮೂರು ವರ್ಷ ಕಳೆದರೂ ನಮಗೆ ಗೊತ್ತಾಗಲಿಲ್ಲ. ಸಾಹೇಬರು ತಪಾಸಣೆಗೆ ಬರುವ ದಿನ ಮಾತ್ರ ಕಪಾಟನ್ನು ಹೊರಗಿನಿಂದ ಒರೆಸುತ್ತಿದ್ದರು. ಪ್ರಯೋಗ ಎಂದರೆ ಕರಿಹಲಗೆ ಮೇಲಿನ ಚಿತ್ರ. ಅದನ್ನು ನೋಟುಬುಕ್ಕಿನಲ್ಲಿ ನಕಲು ತೆಗೆದರೆ ಪ್ರಯೋಗ ಆಯಿತು!

ಮುಂದೆ ಪಿಯುಸಿಗೆ ವಿಜ್ಞಾನ ತಗೊಂಡೆ. ಮೊದಲ ದಿನ ಕೈಗೆ ಬ್ಯುರೆಟ್ ಕೊಟ್ಟರು. ಅದನ್ನು ಹಿಡಿಯೋದು ಹೇಗೆಂದು ಗೊತ್ತಿಲ್ಲದೆ ಒಡೆದು ಹಾಕಿದೆ, ದಂಡ ಕಟ್ಟಿದೆ. ಅಲ್ಲಿಂದಾಚೆ ಪಕ್ಕದವನ ರೆಕಾರ್ಡ್ ನೋಡಿ ಬರೆಯೋದೇ ನನ್ನ ಕೆಲಸವಾಯ್ತು. ವರ್ಷ ಮುಗಿಯುವ ಮೊದಲೇ ಕಾಲೇಜು ಬಿಟ್ಟೆ. ಮನೆಯ ತಾಪತ್ರಯವೂ ಇತ್ತು ಅನ್ನಿ, ಎಲ್ಲ ತಪ್ಪನ್ನೂ ಒಂದು ಗಾಜಿನ ನಳಿಗೆ ಮೇಲೆ ಹೊರಿಸೋದು ನ್ಯಾಯವಲ್ಲ. ಆದರೆ ಆ ಭಯ ಮಾತ್ರ ಇವತ್ತಿಗೂ ನೆನಪಿದೆ.

ಈ ಹಳೆಯ ಕಥೆ ಈಗ ಯಾಕೆ ಎಂದು ವಾಚಕರು ಕೇಳಬಹುದು. 2025ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕೆ ಬಂದು ನಿಂತಿತು. ಪಾಸಾದವರು ನೂರಕ್ಕೆ 42.43 ಮಾತ್ರ. ಅದಕ್ಕೆ ಕಾರಣ ಹತ್ತಾರು, ಅವನ್ನು ಹೇಳುವ ದೊಡ್ಡವರು ನೂರಾರು. ನಾನು ಹೇಳಹೊರಟಿರೋದು ಸಣ್ಣ ಮಾತು. ನನ್ನ ಅಕ್ಕನ ಮಗಳು ಈಗ ಒಂಬತ್ತನೇ ಇಯತ್ತೆ. ಮುಂದಿನ ವರ್ಷ ಆಕೆಯೂ ಅದೇ ಪರೀಕ್ಷೆಗೆ ಕೂಡಬೇಕು. ಮೊನ್ನೆ ರವಿವಾರ ಆಕೆ ಪಡಸಾಲೆಯಲ್ಲಿ ಕೂತು ಜೋರಾಗಿ ಬಾಯಿಪಾಠ ಹೊಡೆಯುತ್ತಿದ್ದಳು.

ಮೇಣಬತ್ತಿ ಹೇಳಿದ ಸತ್ಯ

"ಏನವ್ವಾ ಅದು?" ಅಂದೆ.

"ಮೇಣಬತ್ತಿ ಪ್ರಯೋಗ ಮಾಮಾ. ತಾಟಿನಾಗ ನೀರು ಹಾಕಿ, ನಡುವ ಮೇಣಬತ್ತಿ ಹಚ್ಚಿ, ಮ್ಯಾಲೆ ಗ್ಲಾಸು ಬೋರಲು ಹಾಕ್ಬೇಕು. ಆಮ್ಲಜನಕ ಉರಿದು ಖಾಲಿ ಆಗ್ತದ, ಆ ಜಾಗಕ್ಕ ನೀರು ಏರ್ತದ. ಗಾಳ್ಯಾಗ ಐದರಾಗ ಒಂದು ಪಾಲು ಆಮ್ಲಜನಕ ಅದ ಅಂತ ಸಿದ್ಧ ಆಗ್ತದ."

"ಮಾಡಿ ನೋಡೀಯೇನು?"

"ಇಲ್ಲ. ಗೈಡಿನಾಗ ಬರದಾರ."

ಮನೆಯಲ್ಲಿ ತಾಟು ಇದೆ, ಗಾಜಿನ ಗ್ಲಾಸು ಇದೆ, ಕರೆಂಟು ಹೋದಾಗ ಹಚ್ಚುವ ಮೇಣಬತ್ತಿ ಇದೆ. ನೀರು ಚೆನ್ನಾಗಿ ಕಾಣಲಿ ಎಂದು ಚಿಟಿಕೆ ಅರಿಶಿಣ ಹಾಕಿ ಕೂತೆವು. ಕಡ್ಡಿ ಗೀರಿದ್ದು ನಾನು, ಗ್ಲಾಸು ಬೋರಲು ಹಾಕಿದ್ದು ಆಕೆ.

ಮೊದಲು ಆಗಿದ್ದೇನು? ಗ್ಲಾಸಿನ ಅಂಚಿನಿಂದ ನಾಲ್ಕಾರು ಗುಳ್ಳೆ ಹೊರಗೆ ಬಂದವು. ಮೇಣಬತ್ತಿ ಉರಿಯುವ ತನಕ ನೀರು ಹೆಚ್ಚೇನೂ ಏರಲಿಲ್ಲ. ಬತ್ತಿ ಆರಿದ್ದೇ ತಡ, ನೀರು ಸರ್ರನೆ ಮೇಲೆ ಏರಿತು. ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ಮಾಮಾ, ಆಮ್ಲಜನಕ ಉರದಂಗ ಉರದಂಗ ನೀರು ಮ್ಯಾಲೆ ಬರಬೇಕಿತ್ತಲ್ಲ? ಆರಿದ ಮ್ಯಾಲೆ ಯಾಕ ಏರ್ತು?"

ಎರಡನೇ ಸಲ ಅದೇ ಗ್ಲಾಸಿನೊಳಗೆ ಮೂರು ತುಂಡು ಮೇಣಬತ್ತಿ ನಿಲ್ಲಿಸಿದೆವು. ನೀರು ಮೊದಲಿಗಿಂತ ಹೆಚ್ಚು ಏರಿತು! ಗ್ಲಾಸು ಅದೇ, ಒಳಗಿನ ಗಾಳಿಯೂ ಅಷ್ಟೇ. ಹಾಗಾದರೆ ಹೆಚ್ಚಿನ ಆಮ್ಲಜನಕ ಎಲ್ಲಿಂದ ಬಂತು?

ಎಲ್ಲಿಂದಲೂ ಬಂದಿಲ್ಲ. ನಡೆದದ್ದು ಇಷ್ಟು. ಉರಿಯ ಕಾವಿಗೆ ಗ್ಲಾಸಿನ ಗಾಳಿ ಹಿಗ್ಗಿ, ಒಂದಿಷ್ಟು ಗುಳ್ಳೆಯಾಗಿ ಹೊರಗೆ ಹೋಯಿತು. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗಿತು. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ದಬ್ಬಿತು. ಮೂರು ಬತ್ತಿಗೆ ಕಾವು ಹೆಚ್ಚು, ಹೊರಬಿದ್ದ ಗಾಳಿಯೂ ಹೆಚ್ಚು, ಏರಿದ ನೀರೂ ಹೆಚ್ಚು. ಆಮ್ಲಜನಕ ಖರ್ಚಾಗುತ್ತದೆ ನಿಜ, ಆದರೆ ಆ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಷ್ಟೇ ಅಲ್ಲ, ಒಳಗೆ ಆಮ್ಲಜನಕ ಇನ್ನೂ ಉಳಿದಿರುವಾಗಲೇ ಬತ್ತಿ ಆರಿಬಿಡುತ್ತದೆ. ಗಾಳಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆಮ್ಲಜನಕ ಇರುವುದು ಸತ್ಯವೇ. ಆದರೆ ಈ ಪ್ರಯೋಗದಿಂದ ಅದು ಸಿದ್ಧವಾಗುವುದಿಲ್ಲ.

"ಹಂಗಾದ್ರ ಪರೀಕ್ಷ್ಯಾಗ ಏನ್ ಬರೀಲಿ?" ಎಂದು ಕೇಳಿದಳು. ಒಳ್ಳೆ ಪ್ರಶ್ನೆ. ತಕ್ಷಣ ಉತ್ತರ ಹೊಳೆಯಲಿಲ್ಲ. "ತಡಿ, ಹೇಳ್ತೀನಿ" ಅಂದೆ.

ಕಾಲ ಕೆಳಗಿನ ಪರಸಿ

ಮರುದಿನದಿಂದ ನಮ್ಮ ಅಡುಗೆಮನೆಯೇ ಪ್ರಯೋಗಾಲಯ. ಅಕ್ಕ ಮೊದಮೊದಲು "ತಮ್ಮಾ, ಲಿಂಬಿಹಣ್ಣು ಹಾಳ್ ಮಾಡಬ್ಯಾಡ್ರಿ" ಎಂದು ಗದರಿದರೂ ಕೊನೆಗೆ ತಾನೇ ಬಂದು ಕೂತಳು.

ಶಹಾಬಾದ ಪರಸಿ ಯಾರ ಮನೆಯಲ್ಲಿ ಇಲ್ಲ? ನೆಲಕ್ಕೆ ಪರಸಿ, ಕಟ್ಟೆಗೆ ಪರಸಿ, ಅಡುಗೆ ಒಲೆ ಇಡಲಿಕ್ಕೂ ಪರಸಿ. ಒಡೆದ ಪರಸಿಯ ಚೂರೊಂದನ್ನು ತೊಳೆದು, ಮೊಳೆಯಿಂದ ಕೆರೆದು, ಆ ಪುಡಿ ಮೇಲೆ ಲಿಂಬಿ ರಸ ಹಿಂಡಿ. ಕಿವಿ ಹತ್ತಿರ ತಂದರೆ ಸಣ್ಣಗೆ ಚುರ್ ಎನ್ನುತ್ತದೆ, ನೋಡಿದರೆ ಸಣ್ಣ ಗುಳ್ಳೆ. ಪರಸಿ ಎಂದರೆ ಸುಣ್ಣದಕಲ್ಲು, ಅದರ ಮುಖ್ಯ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಂಡು ಹೊರಗೆ ಬರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಅದು ತಮಾಷೆ, ಪ್ರಯೋಗವಲ್ಲ. ಪಕ್ಕದಲ್ಲಿ ಹೊಲದ ಕರಿಕಲ್ಲಿನ ಚೂರು ಇಡಿ, ಚಿಂಚೋಳಿ ಕಡೆಯ ನೆಂಟರು ಬಂದರೆ ಅಲ್ಲಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ ಚೂರು ತರಿಸಿ. ಮೂರಕ್ಕೂ ಸಮನಾಗಿ ರಸ ಹಾಕಿ. ಪರಸಿ ಗುಳ್ಳೆ ಬಿಡುತ್ತದೆ, ಬೇರೆ ಎರಡು ಸುಮ್ಮನೆ ಕೂಡುತ್ತವೆ. ಶಹಾಬಾದ ನೆಲ ಬೇರೆ, ಚಿಂಚೋಳಿ ನೆಲ ಬೇರೆ ಎಂಬುದನ್ನು ಒಂದು ಲಿಂಬಿಹಣ್ಣು ಹೇಳಿಬಿಡುತ್ತದೆ!

ಒಂದು ಎಚ್ಚರಿಕೆ: ಕಲ್ಲು ತರಲು ಮಕ್ಕಳು ಹಳೆಯ ಗಣಿ ಹೊಂಡಗಳ ಕಡೆ ಹೋಗಕೂಡದು. ನೀರು ನಿಂತ ಗಣಿಯ ಆಳ ಮೇಲಿನಿಂದ ಕಾಣುವುದಿಲ್ಲ. ಮನೆ ಹಿತ್ತಲಿನ ಒಡೆದ ಪರಸಿಯೇ ಸಾಕು.

ಉಸಿರಿನಿಂದ ಕಲ್ಲು!

ಮುಂದಿನದು ಎಲೆ ಅಡಿಕೆ ಡಬ್ಬಿಯ ಸುಣ್ಣ. ಕಡಲೆಯಷ್ಟು ಸುಣ್ಣವನ್ನು ಒಂದು ಬಾಟಲಿ ನೀರಿಗೆ ಹಾಕಿ ಅಲುಗಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಮೆಲ್ಲಗೆ ಗ್ಲಾಸಿಗೆ ಬಸಿಯಿರಿ. ಎಳನೀರು ಕುಡಿಯುವ ಸ್ಟ್ರಾ ಅದರಲ್ಲಿ ಅದ್ದಿ ಊದಿರಿ. ಊದಬೇಕೇ ಹೊರತು ಹೀರಬಾರದು. ಸುಣ್ಣ ಕಣ್ಣಿಗೆ ತಾಗಿದರೆ ಕಣ್ಣೇ ಹೋದೀತು. ಆದ್ದರಿಂದ ದೊಡ್ಡವರು ಹತ್ತಿರ ಇರಲೇಬೇಕು.

ಸ್ವಲ್ಪ ಹೊತ್ತಿನಲ್ಲಿ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಅಂದರೆ ಪರಸಿಯಲ್ಲಿ ಇರುವ ಅದೇ ವಸ್ತು! ಗೋಡೆಗೆ ಬಳಿದ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದೂ ಇದೇ ರೀತಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು.

ವಾಡಿ, ಸೇಡಂ, ಮಳಖೇಡ ಕಡೆಯ ಮಕ್ಕಳು ಹುಟ್ಟಿದಾಗಿನಿಂದ ಸಿಮೆಂಟ್ ಕಾರ್ಖಾನೆಯ ಚಿಮಣಿ ನೋಡುತ್ತಾರೆ. ಒಳಗೆ ಏನು ನಡೆಯುತ್ತದೆ ಎಂದರೆ ಅನೇಕರಿಗೆ ಗೊತ್ತಿಲ್ಲ. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಕಾವಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಕಿಲೋ ಕಲ್ಲು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ, ಗಾಳಿಗೆ ಹೋಗುವುದು 44 ಕಿಲೋ. ಸಿಮೆಂಟ್ ಭಟ್ಟಿಯಲ್ಲಿ ಆ ಸುಣ್ಣ ಮಣ್ಣಿನ ಅಂಶಗಳ ಜೊತೆ ಸುಮಾರು 1,450 ಡಿಗ್ರಿಯವರೆಗೆ ಬೆಂದು ಗಟ್ಟಿ ಉಂಡೆಯಾಗುತ್ತದೆ. ಅದನ್ನು ಸ್ವಲ್ಪ ಜಿಪ್ಸಂ ಹಾಕಿ ಅರೆದರೆ ಸಿಮೆಂಟ್. ಅಪ್ಪ, ಕಾಕಾ ಪಾಳಿ ಕೆಲಸಕ್ಕೆ ಹೋಗುವ ಕಾರ್ಖಾನೆಯ ರಸಾಯನಶಾಸ್ತ್ರ ಹೀಗೆ ಎಲೆ ಅಡಿಕೆ ಡಬ್ಬಿಯಲ್ಲಿ ಕೂತಿದೆ.

ಸಾಬೂನು ಯಾಕೆ ನೊರೆ ಬಿಡೋದಿಲ್ಲ?

ಹಾಲಿನಂತಾದ ಆ ಸುಣ್ಣದ ನೀರನ್ನು ಊದುತ್ತಲೇ ಹೋದರೆ ಮತ್ತೆ ತಿಳಿಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಆ ಬಿಳಿ ಪುಡಿ ನೀರಿನಲ್ಲಿ ಕರಗಿಬಿಡುತ್ತದೆ. ನೆಲದೊಳಗೂ ಇದೇ ಆಟ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ, ಸುಣ್ಣದಕಲ್ಲಿನ ಪದರದಲ್ಲಿ ಇಳಿಯುತ್ತಾ ಕಲ್ಲನ್ನು ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಆ ನೀರೇ ನಮ್ಮ ಬೋರಿನ ಗಡಸು ನೀರು.

ಎರಡು ಒಂದೇ ತರದ ಬಾಟಲಿ ತಗೊಳ್ಳಿ. ಒಂದಕ್ಕೆ ಅರ್ಧ ಬೋರಿನ ನೀರು, ಇನ್ನೊಂದಕ್ಕೆ ಅರ್ಧ ಮಳೆನೀರು. ಮೈಸಾಬೂನು ಕರಗಿಸಿದ ನೀರನ್ನು ಎರಡಕ್ಕೂ ಹತ್ತು ಹತ್ತು ಹನಿ ಹಾಕಿ, ಹತ್ತು ಹತ್ತು ಸಲ ಅಲುಗಿಸಿ. ಬಟ್ಟೆ ತೊಳೆಯುವ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಮಳೆನೀರು ತುಂಬ ನೊರೆ, ಬೋರಿನ ನೀರಿನಲ್ಲಿ ಬಿಳಿ ಕೆನೆಯಂಥ ಜಿಡ್ಡು. ಎಷ್ಟು ಹನಿಗೆ ನೊರೆ ನಿಂತಿತು ಎಂದು ಎಣಿಸಿ ಬರೆದುಕೊಂಡರೆ ಓಣಿ ಓಣಿಯ ನೀರಿನ ಗಡಸುತನವನ್ನು ಹೋಲಿಸಬಹುದು. ಚಿತ್ತಾಪುರದ ಮಕ್ಕಳು ತಮ್ಮ ಊರಿನ ಐದು ಬೋರಿನ ನೀರು ತಂದು ಪಟ್ಟಿ ಮಾಡಿದರೆ ಅದು ಊರಿಗೇ ಉಪಯೋಗದ ಪಟ್ಟಿ. ಆದರೆ ನೊರೆ ನೋಡಿ ಕುಡಿಯುವ ನೀರು ಚಲೋ ಅಥವಾ ಕೆಟ್ಟದ್ದು ಎಂದು ತೀರ್ಮಾನ ಮಾಡಬಾರದು. ಫ್ಲೋರೈಡ್, ರೋಗಾಣು ಇವನ್ನೆಲ್ಲ ಸಾಬೂನು ತೋರಿಸುವುದಿಲ್ಲ. ಅದಕ್ಕೆ ನೀರು ಪರೀಕ್ಷೆ ಕೇಂದ್ರವೇ ಬೇಕು.

ಇನ್ನು ನೀರು ಕಾಯಿಸುವ ಬೋಗುಣಿಯ ತಳಕ್ಕೆ ಹತ್ತಿದ ಬಿಳಿ ಹಕ್ಕಳೆ ಇದೆಯಲ್ಲ, ಅದರ ಮೇಲೆ ಲಿಂಬಿ ರಸ ಹಾಕಿ ನೋಡಿ. ಅದೇ ಚುರ್! ಹುಡುಗಿ ಕೂಗಿದಳು: "ಯವ್ವಾ, ನಮ್ಮ ಬೋಗಾಣ್ಯಾಗ ಪರಸಿ ಅದ!" ಅಕ್ಕ ಅಂದಿನಿಂದ ಬೋಗುಣಿ ಉಜ್ಜಲು ಹಿಂಡಿದ ಲಿಂಬಿ ಸಿಪ್ಪೆ ಎತ್ತಿಡುತ್ತಾಳೆ.

ಅರಿಶಿಣ ಕೆಂಪಾದ ಬಗೆ

ಬಿಳಿ ಅಂಗಿಗೆ ಸಾರು ಬಿದ್ದು ಹಳದಿ ಕಲೆ ಆಗುತ್ತದೆ. ಸಾಬೂನು ಹಚ್ಚಿದರೆ ಅದು ಕೆಂಪಾಗುತ್ತದೆ. ಇದನ್ನು ನೋಡದ ತಾಯಿ ಇಲ್ಲ. ಅರಿಶಿಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿ. ಅರಿಶಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿದ್ದ ಮಾತೇ. ಬಿಳಿ ಕಾಗದದ ಪಟ್ಟಿಗೆ ಅರಿಶಿಣದ ನೀರು ಬಳಿದು ಒಣಗಿಸಿ ಇಟ್ಟುಕೊಂಡರೆ ಅದೇ ಪರೀಕ್ಷಾ ಕಾಗದ. ಸಾಬೂನು ನೀರು, ಸುಣ್ಣದ ತಿಳಿ, ಮಜ್ಜಿಗೆ, ಹುಣಸಿ ನೀರು ಒಂದೊಂದು ಹನಿ ಹಾಕಿ ಪಟ್ಟಿ ಬರೆಯಬಹುದು.

ತೊಗರಿ ಕಾಳಿನ ಲೆಕ್ಕ

ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಬಿತ್ತನೆ ಹೊತ್ತಿಗೆ ಬೀಜ ಕೈಕೊಟ್ಟರೆ ಗುರುತು ಕಟ್ಟಿಕೊಂಡು ಏನು ಮಾಡೋದು? ಮನೆಯಲ್ಲಿ ಎತ್ತಿಟ್ಟ ಬೀಜದಿಂದ ಕಣ್ಣು ಮುಚ್ಚಿ 100 ಕಾಳು ಆರಿಸಿ. ಒದ್ದೆ ಗೋಣಿಚೀಲದ ತುಂಡಿನ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಇಟ್ಟು, ಸುತ್ತಿ ನೆರಳಿನಲ್ಲಿಡಿ. ದಿನಾ ನೀರು ಚಿಮುಕಿಸಿ, ಆರನೇ ದಿನ ಬಿಚ್ಚಿ ಮೊಳಕೆ ಎಣಿಸಿ. ಪ್ರಮಾಣಿತ ತೊಗರಿ ಬೀಜ ಎನ್ನಿಸಿಕೊಳ್ಳಲು ನೂರರಲ್ಲಿ ಕನಿಷ್ಠ 75 ಮೊಳೆಯಬೇಕು ಎಂಬುದು ನಿಯಮ. ನಿಮ್ಮ ಕಾಳು 50 ಮಾತ್ರ ಮೊಳೆತರೆ ಅಪ್ಪನಿಗೆ ಬಿತ್ತನೆಗೆ ಮುಂಚೆಯೇ ಹೇಳಿ. ಒಂಬತ್ತನೇ ಇಯತ್ತೆ ಹುಡುಗಿಯ ಎಣಿಕೆ ಒಂದು ಹೊಲದ ಬೆಳೆ ಉಳಿಸಬಹುದು. ಪಾಕೀಟಿನ ಬೀಜಕ್ಕೆ ಔಷಧ ಬಳಿದಿರುತ್ತಾರೆ, ಅದನ್ನು ಮಕ್ಕಳು ಮುಟ್ಟಬಾರದು.

ಜೊತೆಗೆ ಹತ್ತು ತೊಗರಿಬೇಳೆಯನ್ನೂ ಇಟ್ಟು ನೋಡಿ. ಒಂದೂ ಮೊಳೆಯುವುದಿಲ್ಲ. ಯಾಕೆಂದು ಮಕ್ಕಳೇ ಇಡೀ ಕಾಳು ನೆನೆಸಿ, ಬಿಡಿಸಿ, ಒಳಗಿನ ಸಣ್ಣ ಮೊಳಕೆ ಕಣ್ಣು ಹುಡುಕಲಿ. ಬೇಳೆ ಒಡೆಯುವಾಗ ಕಳೆದುಹೋಗುವುದು ಅದೇ.

ಒದ್ದೆ ಅರಿವೆಯ ಫ್ರಿಜ್ಜು

ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಹೊಸದಲ್ಲ. ಎರಡು ಬಾಟಲಿಗೆ ಒಂದೇ ನೀರು ತುಂಬಿ, ಒಂದಕ್ಕೆ ಒದ್ದೆ ಅರಿವೆ ಸುತ್ತಿ, ಎರಡನ್ನೂ ಗಾಳಿ ಆಡುವ ನೆರಳಿನಲ್ಲಿಡಿ. ತಾಸು ಬಿಟ್ಟು ಮುಟ್ಟಿದರೆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಎಳೆದುಕೊಳ್ಳುತ್ತದೆ. ಹತ್ತು ಗ್ರಾಂ ಆವಿಯಾಗಿ, ಆ ಶಾಖವೆಲ್ಲ ಒಳಗಿನ ನೀರಿನಿಂದಲೇ ಬಂದರೆ ಒಂದು ಲೀಟರ್ ನೀರು ಹತ್ತಿರಹತ್ತಿರ ಆರು ಡಿಗ್ರಿ ತಣ್ಣಗಾಗಬೇಕು. ಮಣ್ಣಿನ ಗಡಿಗೆಯ ಗುಟ್ಟೂ ಇದೇ. ಮಳೆಗಾಲದಲ್ಲಿ ಇದೇ ಪ್ರಯೋಗ ಮತ್ತೆ ಮಾಡಿ. ಅಷ್ಟು ತಣ್ಣಗಾಗುವುದಿಲ್ಲ, ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ.

ಮಳಖೇಡದ ನೆರಳು

ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಂಡೆಯ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ನೆರಳಿನ ಲೆಕ್ಕಕ್ಕೆಂದೇ ಒಂದು ಅಧ್ಯಾಯ ಇದೆ. ನೆರಳಿಗೆ ಪ್ರಯೋಗಾಲಯ ಬೇಕೆ? ಒಂದು ಅಡಿ ಕೋಲು ನೆಟ್ಟಗೆ ನಿಲ್ಲಿಸಿ. ಅದರ ನೆರಳು ಮುಕ್ಕಾಲು ಅಡಿ ಇದ್ದಾಗ ಲೈಟಿನ ಕಂಬದ ನೆರಳು 18 ಅಡಿ ಬಂದರೆ ಕಂಬದ ಎತ್ತರ 24 ಅಡಿ. ಹತ್ತುವುದೂ ಬೇಡ, ಏಣಿಯೂ ಬೇಡ.

ಇನ್ನೊಂದು ವಿಶೇಷ. ವರ್ಷಕ್ಕೆ ಎರಡು ದಿನ ನಮ್ಮಲ್ಲಿ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಸೇಡಂ, ಚಿತ್ತಾಪುರ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ತಿಂಗಳ ಎರಡನೇ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಅಲ್ಲ, ಹನ್ನೆರಡೂ ಕಾಲು ದಾಟಿದ ಮೇಲೆ ನೋಡಬೇಕು. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದ 82 ಡಿಗ್ರಿ 30 ನಿಮಿಷ ರೇಖಾಂಶದ ಲೆಕ್ಕದಲ್ಲಿ, ಸೂರ್ಯ ನಮ್ಮಲ್ಲಿಗೆ ತಡವಾಗಿ ಬರುತ್ತಾನೆ. ದಿಲ್ಲಿಯವರಿಗೆ ಈ ಭಾಗ್ಯ ಇಲ್ಲ. ಅವರು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇದ್ದಾರೆ!

ಬೇರೆಯವರು ಮಾಡಿ ತೋರಿಸಿದ್ದಾರೆ

ಬಡ ಊರಿನ ಮಕ್ಕಳಿಗೆ ಪ್ರಯೋಗ ದುಬಾರಿ ಎಂಬ ಮಾತನ್ನು ಮಧ್ಯಪ್ರದೇಶದ ಹೋಶಂಗಾಬಾದಿನವರು ಯಾವತ್ತೋ ಸುಳ್ಳು ಮಾಡಿದ್ದಾರೆ. 1972ರಲ್ಲಿ ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಕಾರ್ಯಕ್ರಮ ಶುರುವಾಗಿ 2002ರ ತನಕ ನಡೆಯಿತು. ಅಲ್ಲಿ ಕೆಲಸ ಮಾಡಿದ ಅರವಿಂದ ಗುಪ್ತಾ ಎಂಬ ಎಂಜಿನಿಯರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಕಸದ ಸಾಮಾನಿನಿಂದ ಆಟಿಕೆ ಮಾಡಿ ವಿಜ್ಞಾನ ಹೇಳಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಹುಟ್ಟಿತು. ಅದಕ್ಕೂ ಮೊದಲು, 1978ರಲ್ಲೇ, 'ಬಾಲ ವಿಜ್ಞಾನ' ಮಾಸಪತ್ರಿಕೆ ಶುರುವಾಗಿತ್ತು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರದ್ದು. ಶಹಾಬಾದ, ವಾಡಿಯವರಿಗೆ ರೈಲಿನಲ್ಲಿ ಹತ್ತಿರ. ರೈಲಿಲ್ಲದ ಚಿಂಚೋಳಿ ಮಕ್ಕಳಿಗೆ ಅದು ದೂರದ ಮಾತೇ. ಫೆಬ್ರವರಿ 28ಕ್ಕೆ ಶಾಲೆಗಳಲ್ಲಿ ವಿಜ್ಞಾನ ದಿನ ಮಾಡುತ್ತಾರೆ. 1928ರ ಆ ದಿನದ ರಾಮನ್ ಪರಿಣಾಮದ ನೆನಪಿಗೆ 1987ರಿಂದ ನಡೆದುಬಂದ ಪದ್ಧತಿ. ಭಾಷಣ, ಹೂವಿನ ಹಾರ ಇರಲಿ. ಅಂದು ಕಪಾಟಿನ ಬೀಗವನ್ನೂ ತೆಗೆದರೆ ಇನ್ನೂ ಚಲೋ.

ಮೇಷ್ಟ್ರುಗಳನ್ನು ದೂರಲು ಇದನ್ನು ಬರೆದಿಲ್ಲ. ಒಬ್ಬರೇ ಗಣಿತ, ವಿಜ್ಞಾನ ಎರಡೂ ಎಳೆಯುವ ಶಾಲೆಯಲ್ಲಿ ಗಾಜು ಒಡೆದರೆ ಲೆಕ್ಕ ಕೊಡುವವರೂ ಅವರೇ. ಬೀಗ ಬೀಳುವುದು ಅದಕ್ಕೇ. ಪರಸಿ ಚೂರು ಒಡೆದರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ, ಅಷ್ಟೇ ನನ್ನ ಮಾತು.

ಇನ್ನು ಹುಡುಗಿಯ ಪ್ರಶ್ನೆ ಬಾಕಿ ಉಳಿಯಿತಲ್ಲ. ಗೈಡಿನದನ್ನು ಬರೆದರೆ ಅಂಕ ಬರಬಹುದು, ಆದರೆ ಅದು ಆಕೆ ಕಣ್ಣಾರೆ ಕಂಡದ್ದಲ್ಲ. ಕಂಡದ್ದನ್ನು ಬರೆದರೆ ಅಂಕ ಹೋದರೂ ಹೋದೀತು. ವಾರ ಕಳೆದ ಮೇಲೆ ಹೇಳಿದೆ: "ಗುಳ್ಳಿ ಯಾವಾಗ ಬಂತು, ನೀರು ಯಾವಾಗ ಏರ್ತು, ಮೂರು ಬತ್ತಿಗೆ ಏನಾಯ್ತು, ಅಷ್ಟನ್ನೂ ಒಂದು ಹಾಳ್ಯಾಗ ಬರಿ. ತಗೊಂಡು ಹೋಗಿ ನಿಮ್ಮ ಸರ್‌ಗೆ ತೋರ್ಸು. ಅವರ ಎದುರಿಗೇ ಮತ್ತ ಮಾಡಿ ತೋರ್ಸು."

ಆಕೆ ಹೋದ ಸೋಮವಾರ ತಾಟು, ಗ್ಲಾಸು, ಮೂರು ತುಂಡು ಮೇಣಬತ್ತಿ ಚೀಲದಲ್ಲಿ ಹಾಕಿಕೊಂಡು ಸಾಲಿಗೆ ಹೋದಳು. ಸಂಜೆ ಬಂದವಳನ್ನು "ಏನಂದ್ರು ಸರ್?" ಎಂದು ಕೇಳಿದೆ.

"ಎರಡು ಸಲ ಮಾಡಿಸಿ ನೋಡಿದ್ರು ಮಾಮಾ. 'ನಾನೂ ಇದನ್ನ ಒಮ್ಮೆನೂ ಮಾಡಿ ನೋಡಿದ್ದಿಲ್ಲ' ಅಂದ್ರು. ನಾಳೆ ಇಡೀ ಕ್ಲಾಸಿಗೆ ಮಾಡ್ತಾರಂತ, ಇನ್ನೆರಡು ಗ್ಲಾಸು ತಗೊಂಡ್ ಬಾ ಅಂದಾರ."

ಅಕ್ಕ ಅಡುಗೆಮನೆಯಿಂದಲೇ ಕೂಗಿದಳು: "ಸ್ಟೀಲಿನವು ಒಯ್ಯಿ, ಗಾಜಿನವು ಒಡೀತಾವ!"

ಸ್ಟೀಲಿನ ಗ್ಲಾಸಿನಲ್ಲಿ ಒಳಗಿನ ನೀರು ಕಾಣುವುದಿಲ್ಲ ಎಂದು ಆಕೆಗೆ ತಿಳಿಸಿ ಹೇಳುವ ಕೆಲಸ ಮಗಳಿಗೇ ಬಿಟ್ಟೆ.